ಉಣ್ಣೆ ತುಂಬಿದ ಸೈಲೆನ್ಸರ್

“ಮೊದ್ಲು ಅದ್ರ ಬಾಯಿ ಮುಚ್ಸ್ರೀ!”

ಗುತ್ಯಮ್ಮ ಗಂಟಲು ಹರಿಯುವಂತೆ ಕೂಗಿದಳು. ಆ ಗದ್ದಲದಲ್ಲಿ ಯಾರಿಗೆ ಕೇಳಬೇಕು? ಶಿರಾಳಕೊಪ್ಪದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ, ಅವಳ ಅಪ್ಪನ ವರ್ಕ್‌ಶಾಪಿನ ಮುಂದೆ, ಕೆಂಪು ಬಣ್ಣದ ಪುಟ್ಟ ಕಾರೊಂದು ನಿಂತು ಗುಡುಗುತ್ತಿತ್ತು. ಕೋಳಿಗಳು ದಿಕ್ಕಾಪಾಲಾಗಿ ಓಡಿದವು. ಲಾಳ ಹೊಡೆಸಲು ಬಂದಿದ್ದ ಎತ್ತು ಹಗ್ಗ ಕಿತ್ತುಕೊಂಡು ಸಂತೆ ಮೈದಾನದ ಕಡೆ ಹೊರಟೇಹೋಯಿತು.

ಕಾರಿನಲ್ಲಿದ್ದ ಯುವಕ ಎಂಜಿನ್ ನಿಲ್ಲಿಸಿ ಕೆಳಗಿಳಿದ. ಮೈತುಂಬ ಧೂಳು, ಹುಬ್ಬಿನ ಮೇಲೂ ಧೂಳು.

“ಎಂತ ಅಂದ್ರಿ?”

“ಬಾಯಿ ಮುಚ್ಸ್ರೀ ಅಂದೆ!”

“ಯಾರದ್ದು? ನಂದಾ, ಗಾಡೀದಾ?”

“ಯಾವ್ದು ಜಾಸ್ತಿ ಒದರ್ತತೋ ಅದ್ರದ್ದು!”

ಅವನು ನಕ್ಕುಬಿಟ್ಟ. ಅವಳಿಗೆ ಇನ್ನಷ್ಟು ಸಿಟ್ಟು ಬಂತು. ಸಿಟ್ಟಿನ ಜೊತೆಗೆ ಎದೆಯೊಳಗೆ ಇನ್ನೇನೋ ಧಡಕ್ಕೆಂದಿತು... ಕಾರಿನ ಸದ್ದಿಗೇ ಇರಬೇಕು ಎಂದುಕೊಂಡಳು. ಆದರೆ ಕಾರು ಆಗಲೇ ನಿಂತಿತ್ತಲ್ಲ!

ಕಥಾನಾಯಕಿಗೆ ಗುತ್ಯಮ್ಮ ಅನ್ನುವ ಹೆಸರೇ ಎಂದು ಮೂಗು ಮುರಿಯಬೇಡಿ. ಚಂದ್ರಗುತ್ತಿಯ ಅಮ್ಮನಿಗೆ ಹರಕೆ ಹೊತ್ತು ಪಡೆದ ಮಗಳು. ಸಾವಿರದ ಒಂಬೈನೂರ ಐವತ್ತೆಂಟರಲ್ಲಿ ಈ ಸೀಮೆಯಲ್ಲಿ ಬೀದಿಗೊಬ್ಬ ಗುತ್ಯಮ್ಮ ಇದ್ದಳು. ಆದರೆ ಹೀಗೆ ಕೈಯಲ್ಲಿ ಸುತ್ತಿಗೆ ಹಿಡಿದು ಬೀದಿಗೆ ಬಂದು ನಿಲ್ಲುವ ಗುತ್ಯಮ್ಮ ಇದ್ದದ್ದು ಇವಳೊಬ್ಬಳೇ.

ಸುತ್ತಿಗೆ ಕೈಯಲ್ಲೇ ಇದೆ ಎಂದು ಅವಳಿಗೆ ಆಗ ನೆನಪಾಯಿತು. ಗಾಬರಿಯಿಂದ ಸೆರಗಿನ ಹಿಂದೆ ಮುಚ್ಚಿಕೊಂಡಳು.

ಮುಚ್ಚಿಕೊಳ್ಳಲು ಕಾರಣವಿತ್ತು. ಅವಳ ಅಪ್ಪ ಚೌಡಪ್ಪ ಕುರಿ ಸಾಕುವವರ ಮನೆಯಲ್ಲಿ ಹುಟ್ಟಿ, ಯುದ್ಧಕಾಲದಲ್ಲಿ ಮಿಲಿಟರಿ ವರ್ಕ್‌ಶಾಪು ಸೇರಿ, ಕಬ್ಬಿಣದ ಕೆಲಸ ಕಲಿತು ಬಂದವನು. ಸುತ್ತಲ ಹಳ್ಳಿಗಳ ನೇಗಿಲ ಗುಳ, ಗಾಡಿಯ ಪಟ್ಟಿ, ಗಾಣದ ಹಲ್ಲು ಎಲ್ಲಕ್ಕೂ ಅವನೇ ಆಗಬೇಕು. ಆದರೆ ನಾಲ್ಕು ವರ್ಷಗಳಿಂದ ಅವನ ಕಣ್ಣಿಗೆ ಪೊರೆ ಬಂದಿತ್ತು. ಕುಲುಮೆಯ ಮುಂದೆ ಗೋಣಿಯ ಪರದೆ ಬಿತ್ತು. ಹೊರಗೆ ಕೂತು ಗಿರಾಕಿಗಳ ಜೊತೆ ಮಾತಾಡುವವನು ಅಪ್ಪ. ಪರದೆಯ ಹಿಂದೆ ಕಬ್ಬಿಣ ಬಡಿಯುವವಳು ಮಗಳು. ಊರಿಗೆ ಗೊತ್ತಾದರೆ ಹೆಣ್ಣು ಬಡಿದ ಗುಳವನ್ನು ಯಾರು ಕೊಳ್ಳುತ್ತಾರೆ? ಕಬ್ಬಿಣ ಬಡಿಯುವ ಹೆಣ್ಣನ್ನು ಯಾರು ಮದುವೆಯಾಗುತ್ತಾರೆ?

“ಯಾರಪ್ಪಾ ಅದು?” ಚೌಡಪ್ಪ ತಡವರಿಸುತ್ತ ಹೊರಗೆ ಬಂದ.

“ನಾನು ಜಯಪ್ಪ ಅಂತ, ಕುಬಟೂರಿನವನು. ಸೊರಬದ ಶೇಷಪ್ಪ ಸಾಹುಕಾರ್ರ ಡ್ರೈವರ್ರು. ಇದು ಎಂ.ಜಿ. ಅಂತ, ಇಂಗ್ಲೆಂಡಿನ ಗಾಡಿ. ಕಾಫಿ ತೋಟದ ದೊರೆಯೊಬ್ರು ಊರಿಗೆ ಹೋಗೋವಾಗ ಸಾಹುಕಾರ್ರಿಗೆ ಮಾರಿದ್ದು. ಚಂದ್ರಗುತ್ತಿ ದಾರೀಲಿ ಕಲ್ಲಿಗೆ ಬಡಿದು ಸೈಲೆನ್ಸರ್ ಹರಿದೇ ಹೋಯ್ತು ಮಾರಾಯ್ರೆ.”

“ಹೊಸಾದು ತರಿಸ್ರಿ ಮತ್ತೆ.”

“ಬೊಂಬಾಯಿಂದ ಬರೋಕೆ ಎರಡು ತಿಂಗಳು ಅಂತಾರೆ. ಎಂಟು ದಿನದಲ್ಲಿ ಸದ್ದು ನಿಲ್ಲದಿದ್ರೆ ಗಾಡಿ ರಸ್ತೆಗೆ ತರ್ಬೇಡಿ ಅಂದಿದ್ದಾರೆ ಅಮಲ್ದಾರ್ರು. ಸದ್ದೊಂದೇ ಅಲ್ಲ, ಈ ಗಾಡಿ ತಳ ಮರದ ಹಲಗೇದು. ಬಿಸಿ ಹೊಗೆ ನೇರ ಹಲಗೆಗೇ ಬಡೀತಾ ಇದೆ. ಹೊತ್ಕೊಂಡ್ರೆ ಸಾಹುಕಾರ್ರೂ ನಾನೂ ಒಟ್ಟಿಗೇ!”

ಚೌಡಪ್ಪ ಗಂಭೀರವಾಗಿ ಕಾರಿನ ಹಿಂಭಾಗ ಮುಟ್ಟಿ ನೋಡಿದ. “ಆಗ್ತತೆ. ನಾನೇ ಮಾಡಿ ಕೊಡ್ತೀನಿ.”

ಅಷ್ಟರಲ್ಲಿ ಪರದೆಯ ಹಿಂದೆ ಸರಿದಿದ್ದ ಗುತ್ಯಮ್ಮ ತುಟಿ ಕಚ್ಚಿಕೊಂಡಳು. ‘ನಾನೇ’ ಅಂತೆ! ಅಪ್ಪನ ಈ ಮಾತು ಅವಳಿಗೆ ಹೊಸದಲ್ಲ. ಇವತ್ತು ಮಾತ್ರ ಯಾಕೋ ಚುಚ್ಚಿತು.

ಮಾರನೆಯ ದಿನ ಬೆಳಿಗ್ಗೆಯಿಂದ ಜಯಪ್ಪ ಕಾರಿನ ಕೆಳಗೆ ಮಲಗಿ ಹಳೆಯ ಕೊಳವೆ ಬಿಚ್ಚತೊಡಗಿದ. ಬೋಲ್ಟುಗಳು ತುಕ್ಕು ಹಿಡಿದು ಕಲ್ಲಾಗಿದ್ದವು. ಅವನು ಏದುಸಿರು ಬಿಡುತ್ತಿದ್ದರೆ ಇವಳಿಗೆ ಒಳಗೆ ಕೂರಲಾಗದು, ನಿಲ್ಲಲಾಗದು. ‘ಹಂಗೆ ತಿರುವಿದ್ರೆ ಬೋಲ್ಟು ಮುರೀತತೆ... ಸೀಮೆಎಣ್ಣೆ ಬಿಡ್ರೀ... ಒಂದೀಟು ಕಾಯಿಸ್ರೀ...’

ಕೊನೆಗೆ ತಡೆಯಲಾರದೆ ಸೀಮೆಎಣ್ಣೆಯ ಡಬ್ಬಿ ಹಿಡಿದು ಹೋಗಿ ಕಾರಿನಡಿಗೆ ಕೈ ತೂರಿಸಿದಳು.

“ಇದನ್ನ ಬಿಟ್ಟು ಸ್ವಲ್ಪ ಹೊತ್ತು ಸುಮ್ನಿರ್ರಿ. ಆಮ್ಯಾಲೆ ತಿರುವ್ರಿ.”

ಬೋಲ್ಟು ಬಂತು. ಅದರ ಹಿಂದೆಯೇ ಜಯಪ್ಪನೂ ಹೊರಗೆ ಬಂದ. ಗೋಡೆಗೆ ಒರಗಿಸಿದ್ದ ನೇಗಿಲ ಗುಳವೊಂದನ್ನು ಕೈಗೆತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದ.

“ಇದನ್ನ ಬಡಿದೋರು ಎಡಚರು,” ಎಂದ, ಅವಳಿಗೆ ಮಾತ್ರ ಕೇಳುವಂತೆ. “ಏಟು ಬಿದ್ದಿರೋ ಓರೆ ನೋಡಿದ್ರೇ ಗೊತ್ತಾಗುತ್ತೆ. ನಿಮ್ಮಪ್ಪ ಎಲ್ಲ ಬಲಗೈಯಲ್ಲಿ ಮಾಡ್ತಾರೆ. ನಿನ್ನೆ ನೀವು ಸುತ್ತಿಗೆ ಹಿಡಿದಿದ್ದು ಎಡಗೈಯಲ್ಲಿ.”

ಗುತ್ಯಮ್ಮ ಗುಳವನ್ನು ಅವನ ಕೈಯಿಂದ ಕಿತ್ತು ಮತ್ತೆ ಗೋಡೆಗೆ ಒರಗಿಸಿದಳು.

“ಯಾರಿಗೂ ಹೇಳ್ಬ್ಯಾಡ್ರೀ... ನಿಮ್ಮ ಕಾಲಿಗೆ ಬೀಳ್ತೀನಿ.”

“ಯಾಕೆ? ಎಂತ, ಕದ್ದ ಮಾಲಾ ಇದು?”

ನಾಲ್ಕು ವರ್ಷದಲ್ಲಿ ಯಾರೂ ಅವಳಿಗೆ ಈ ಪ್ರಶ್ನೆ ಕೇಳಿರಲಿಲ್ಲ.

“ಇಷ್ಟು ಒಳ್ಳೇ ಕೆಲಸ ನಾನು ಶಿವಮೊಗ್ಗೆಯಲ್ಲೂ ನೋಡಿಲ್ಲ,” ಎಂದ ಜಯಪ್ಪ. “ಗಾಡಿ ಸರಿಹೋದ ದಿವಸ ಸಾಹುಕಾರ್ರ ಮುಂದೆ ನಾನೇ ಹೇಳ್ತೇನೆ. ಇದು ಗುತ್ಯಮ್ಮನವರ ಕೆಲಸ ಅಂತ.”

“ಬ್ಯಾಡ್ರಿ!” ಎಂದಳು ಬಾಯಲ್ಲಿ. ಮನಸ್ಸು ಮಾತ್ರ ಬೇಕು ಬೇಕು ಎಂದು ಹಟ ಹಿಡಿಯಿತು. ಆ ದಿನ ಅವಳು ಅನ್ನಕ್ಕೆ ಎರಡು ಸಲ ಉಪ್ಪು ಹಾಕಿದಳು. ಅವಳ ಅವ್ವ ತಾಯಮ್ಮ ಒಂದು ತುತ್ತು ತಿಂದು ಮಗಳ ಮುಖ ನೋಡಿದಳು, ತಟ್ಟೆಗೆ ಇನ್ನಷ್ಟು ಮಜ್ಜಿಗೆ ಸುರಿದುಕೊಂಡಳು.

ಹಳೆಯ ಸೈಲೆನ್ಸರನ್ನು ಗುತ್ಯಮ್ಮ ಉದ್ದಕ್ಕೆ ಸೀಳಿ ನೋಡಿದಳು. ಒಳಗೆ ತೂತು ತೂತಿನ ಕೊಳವೆ, ಹೊರಗೆ ಅಗಲವಾದ ಕೊಳವೆ, ಎರಡರ ನಡುವೆ ಕರಿ ಹಿಡಿದ ನಾರಿನಂಥ ಏನೋ ತುರುಕಿದ್ದರು.

“ಇದೆಂತದು?” ಎಂದ ಜಯಪ್ಪ.

ಅವಳು ಬೆರಳಲ್ಲಿ ಹಿಂಜಿ ನೋಡಿ ನಕ್ಕಳು. “ಇಷ್ಟೂ ಗೊತ್ತಾಗಲ್ಲೇನ್ರೀ? ಉಣ್ಣೆ! ಸದ್ದು ಹೀರಿಕೊಳ್ಳಾಕೆ ಉಣ್ಣೆ ತುಂಬ್ಯಾರೆ.”

“ಸುಡಲ್ವಾ ಅದು?”

“ಕಂಬಳಿ ಮ್ಯಾಲೆ ಕೆಂಡ ಬಿದ್ರೆ ಹೊತ್ತಿ ಉರೀತತಾ? ಅಲ್ಲೇ ಕರಕಾಗಿ ಆರಿ ಹೋಗ್ತತೆ. ಕುರಿ ಸಾಕೋರ ಮನೆ ಮಗಳಿಗೆ ಉಣ್ಣೆ ವಿಚಾರ ಹೇಳ್ಕೊಡ್ತೀರೇನ್ರೀ?”

ಜಯಪ್ಪ ಸೋತವನಂತೆ ಕೈ ಮುಗಿದ. ಹೌದಲ್ಲ, ಕಂಬಳಿಯ ಮೇಲೆ ಕಿಡಿ ಬಿದ್ದು ಆರಿದ್ದನ್ನು ಅವನೂ ಎಷ್ಟೋ ಸಲ ಕಂಡಿದ್ದ. ಹತ್ತಿಯ ನಾಡಿನವರಾಗಿದ್ದರೆ ಉಣ್ಣೆಯನ್ನು ಇಷ್ಟು ನಂಬುವ ತಪ್ಪು ಮಾಡುತ್ತಿರಲಿಲ್ಲ!

ಮೂರು ದಿನ ಪರದೆಯ ಹಿಂದೆ ಇಬ್ಬರೂ ಕೆಲಸಕ್ಕೆ ಕೂತರು. ಗುಟ್ಟು ತಿಳಿದವನ ಮುಂದೆ ಇನ್ನು ಮುಚ್ಚುವುದೇನೆಂದು ಚೌಡಪ್ಪನೂ ಒಪ್ಪಿದ. ಎಣ್ಣೆ ಡ್ರಮ್ಮಿನ ತಗಡು ಕತ್ತರಿಸಿ ಅವಳು ಉರುಟು ಮಾಡಿದಳು. ಒಳಗಿನ ಕೊಳವೆಗೆ ತೂತು ಹೊಡೆಯುವಾಗ ಅವನು ಹಿಡಿದುಕೊಂಡ. ಜೋಡಣೆಯಲ್ಲಿ ಹೊಗೆ ಸೋರದಂತೆ ಹಳೆಯ ಹಂಡೆಯ ತಾಮ್ರದಿಂದ ಗ್ಯಾಸ್ಕೆಟ್ ಕತ್ತರಿಸಿದರು. ಸೈಲೆನ್ಸರನ್ನು ಕಾರಿನಡಿ ನೇತುಹಾಕಲು ಲಾರಿಯ ಹಳೇ ಟೈರಿನಿಂದ ತೂಗುಪಟ್ಟಿ ಮಾಡಿದರು. ಸೋದರಮಾವ ಉಜ್ಜಪ್ಪನ ಮನೆಯಿಂದ ಅವಳೇ ಒಂದು ಗಂಟು ಉಣ್ಣೆ ಹೊತ್ತು ತಂದು, ಹಿಂಜಿ, ಕೊಳವೆಯೊಳಗೆ ಒತ್ತಿ ಒತ್ತಿ ತುಂಬಿದಳು.

ಬೆಸುಗೆಯ ಬೆಂಕಿಯ ಬೆಳಕಿನಲ್ಲಿ ಅವನು ತನ್ನ ಮುಖವನ್ನೇ ನೋಡುತ್ತಿದ್ದಾನೆ ಎಂದು ಅವಳಿಗೆ ಗೊತ್ತಾಗುತ್ತಿತ್ತು. ಗೊತ್ತಿಲ್ಲದವಳಂತೆ ಇರುವುದು ಎಷ್ಟು ಕಷ್ಟ!

ಎಂಜಿನ್ ಶುರು ಮಾಡಿದಾಗ ಕಾರು ಮೆಲ್ಲಗೆ ಗುರ್ರೆಂದಿತು, ಅಷ್ಟೇ. ಬೀದಿಯ ಕೋಳಿಗಳು ತಲೆಯನ್ನೂ ಎತ್ತಲಿಲ್ಲ. ಚೌಡಪ್ಪ ಚಪ್ಪಾಳೆ ತಟ್ಟಿದ. ಐದು ನಿಮಿಷ ಓಡಿಸಿ ಜಯಪ್ಪ ನಿಲ್ಲಿಸಿದ.

“ನಾಳೆ ಸಂತೆ. ಸಾಹುಕಾರ್ರು ಬರ್ತಾರೆ,” ಎಂದ. “ನಾಳೆ ಹೇಳ್ತೇನೆ.”

“ಏನು ಹೇಳ್ತೀರಿ?”

“ಒಂದು ಅವರಿಗೆ ಹೇಳೋದಿದೆ... ಇನ್ನೊಂದು ನಿಮಗೆ.”

ಆಮೇಲೆ ಗುತ್ಯಮ್ಮ ಇಡೀ ಮನೆಯನ್ನು ಎರಡು ಸಲ ಗುಡಿಸಿದಳು.

ಸಂತೆಯ ದಿನ ಶೇಷಪ್ಪ ಸಾಹುಕಾರರು ರೇಷ್ಮೆ ರುಮಾಲು ಸುತ್ತಿ ಬಂದರು. ಸದ್ದಿಲ್ಲದ ಕಾರಿನಲ್ಲಿ ಜಯಪ್ಪನ ಪಕ್ಕ ಕೂತರು. “ಊರಿಗೆಲ್ಲ ಒಂದು ಸುತ್ತು ಹೊಡಿ. ಎಲ್ಲರೂ ನೋಡ್ಲಿ!” ಎಂದರು.

ಎಲ್ಲರೂ ನೋಡಿದರು. ಎರಡು ಸುತ್ತು ಮುಗಿದು ಕಾರು ಸಂತೆಯ ನಡುವೆ ಬರುವಷ್ಟರಲ್ಲಿ ಅದರ ಬೆನ್ನಿಂದ ಹಳದಿ ಹೊಗೆ ಎದ್ದಿತು. ಹೊಗೆಯ ಹಿಂದೆಯೇ ವಾಸನೆ... ಅಯ್ಯೋ, ಅದೆಂಥ ವಾಸನೆ! ಮೆಣಸಿನಕಾಯಿ ಮಾರುವವರು ಮೂಗು ಮುಚ್ಚಿಕೊಂಡರು. ಬಳೆಗಾರ ಗಂಟು ಕಟ್ಟಿ ಎದ್ದ.

“ಸಾಹುಕಾರ್ರೇ, ಕಾರಿನಾಗೆ ಕುರಿ ತಲೆ ಸುಡ್ತಿದೀರೇನ್ರೀ?” ಯಾರೋ ಕೂಗಿದರು. ಸಂತೆಗೆ ಸಂತೆಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಓಡಿ ಬಂದ ಗುತ್ಯಮ್ಮ ಜನರ ಹಿಂದೆ ನಿಂತು ಎಲ್ಲ ನೋಡಿದಳು. ‘ನನ್ನ ಉಣ್ಣೆ... ನಾನು ತುಂಬಿದ ಉಣ್ಣೆ...’

“ಯಾವನು ಮಾಡಿದ್ದು ಇದನ್ನ?” ಸಾಹುಕಾರರ ರುಮಾಲು ಜಾರಿ ಕಿವಿಯ ಮೇಲೆ ಬಂದಿತ್ತು.

“ಚೌಡಪ್ಪನ ಮಗಳು ಮೊನ್ನೆ ಉಣ್ಣೆ ಗಂಟು ಒಯ್ತಿದ್ಲು ಕಣ್ರೀ,” ಎಂದ ಒಬ್ಬ. “ಅವಳೇ ತುಂಬಿರ್ಬೇಕು!”

ಜಯಪ್ಪ ಅವಳನ್ನು ನೋಡಿದ. ಒಂದೇ ಕ್ಷಣ. ತಕ್ಷಣ ಮುಖ ತಿರುಗಿಸಿ ನಕ್ಕ.

“ಹೆಣ್ಣುಮಗಳಾ? ಗಾಡಿ ಕೆಲಸ ಅವಳಿಗೆಂತ ಗೊತ್ತು? ತುಂಬಿದ್ದು ನಾನು.”

ಅವಳಿಗೆಂತ ಗೊತ್ತು!

ಸಾಹುಕಾರರು ಅವನನ್ನು ಏನೇನು ಬೈದರೋ ಗುತ್ಯಮ್ಮನಿಗೆ ಕೇಳಲಿಲ್ಲ. ಸೈಲೆನ್ಸರ್ ಕಿತ್ತು ರಸ್ತೆಗೆ ಎಸೆದರು. ಕಾರು ಮೊದಲಿನಂತೆ ಗುಡುಗುತ್ತ ಸೊರಬದ ದಾರಿ ಹಿಡಿಯಿತು. ಆ ಸದ್ದು ಸಣ್ಣದಾಗಿ, ಇನ್ನೂ ಸಣ್ಣದಾಗಿ, ಇಲ್ಲವಾಗುವವರೆಗೂ ಅವಳು ನಿಂತೇ ಇದ್ದಳು.

ಎಷ್ಟು ಚೆನ್ನಾಗಿ ನಂಬಿಸಿದ! ಇವಳ ಕೈಯನ್ನು ಗುರುತಿಸಿದವನು ಅವನೊಬ್ಬನೇ ಎಂದುಕೊಂಡಿದ್ದಳು. ನಾಲ್ಕು ಜನರ ಮುಂದೆ ಅವನಿಗೂ ನಾಚಿಕೆಯಾಯಿತು. ‘ಸರಿಹೋಗಿದ್ರೆ ನನ್ನ ಹೆಸ್ರು ಹೇಳ್ತಿದ್ದನಂತೆ. ಕೆಟ್ಟ ಕೂಡ್ಲೇ ನಾನು ಏನೂ ಗೊತ್ತಿಲ್ಲದ ಹೆಣ್ಣುಮಗಳು...’

ಆದರೆ, ‘ತುಂಬಿದ್ದು ನಾನು’ ಎಂದು ಅವಳಾದರೂ ಬಾಯಿ ಬಿಟ್ಟಳೇ? ಇಲ್ಲ. ಆ ವಿಚಾರ ಮನಸ್ಸಿಗೆ ಬಂದಾಗಲೆಲ್ಲ ಜಯಪ್ಪನ ಮೇಲೆ ಸಿಟ್ಟು ಇನ್ನೂ ಒಂದು ಪಾಲು ಹೆಚ್ಚಾಗುತ್ತಿತ್ತು. ತನ್ನ ಮೇಲಿನ ಸಿಟ್ಟನ್ನು ಬೇರೆಯವರ ಮೇಲೆ ಹೊರಿಸಿದರೆ ಸ್ವಲ್ಪ ಹಗುರಾಗುತ್ತದಲ್ಲ!

ಹಗುರಾಗಲಿಲ್ಲ. ಸೊರಬದ ಕಡೆಯಿಂದ ಲಾರಿ ಬಂದರೂ ಎದ್ದು ಬಾಗಿಲಿಗೆ ಬರುತ್ತಿದ್ದಳು. ಅಕ್ಕಿ ಗಿರಣಿ ಶುರುವಾದರೂ ಕಿವಿ ನಿಮಿರುತ್ತಿತ್ತು. ಬರಬೇಡ ಅಂತ ಬೈದುಕೊಳ್ಳುವುದು, ಬಂದನೇನೋ ಅಂತ ಓಡುವುದು. ಸುತ್ತಿಗೆ ಹಿಡಿದರೆ ಏಟು ತಪ್ಪುತ್ತಿತ್ತು.

ಎಂಟನೆಯ ದಿನ ತಾಯಮ್ಮ ಅಣ್ಣನ ಮನೆಯಿಂದ ಬಂದವಳು ಮಗಳ ಎದುರಿಗೇ ಕೂತಳು.

“ಆ ಡ್ರೈವರ್ ಹುಡುಗನ ಸುದ್ದಿ ಗೊತ್ತಾ?”

“ನಂಗ್ಯಾಕವ್ವಾ ಅವನ ಸುದ್ದಿ?”

“ಸಾಹುಕಾರ ಅವತ್ತೇ ಕೆಲಸ ಬಿಡ್ಸಿದನಂತೆ. ಉಜ್ಜಪ್ಪ ಕುರಿ ಹೊಡ್ಕೊಂಡು ಕುಬಟೂರು ಕಡೆಗೆ ಹೋಗಿದ್ದ, ಕೇಳ್ಕೊಂಡು ಬಂದಾನೆ. ಬ್ಯಾರೆ ಯಾರೂ ಗಾಡಿ ಕೊಡವಲ್ಲರಂತೆ. ಉಣ್ಣೆ ಡ್ರೈವರ್ ಅಂತ ಹೆಸ್ರಿಟ್ಟು ಆಡ್ಕೊಂತಾರಂತೆ. ಶುಕ್ರವಾರ ಸೊರಬದಿಂದ ಹುಬ್ಬಳ್ಳಿ ಬಸ್ ಹತ್ತತಾನಂತೆ. ಇನ್ನ ಈ ಕಡಿಗೆ ಬರಲ್ಲ ಅಂದಾನಂತೆ.”

ಗುತ್ಯಮ್ಮನ ಕೈಯಲ್ಲಿದ್ದ ಇಕ್ಕಳ ಕೆಳಗೆ ಬಿತ್ತು.

“ಒಂದು ಮಾತು ಹೇಳ್ತೀನಿ ಕೇಳು,” ಎಂದಳು ತಾಯಮ್ಮ. “ಅವತ್ತು ಅವನು ನಿನ್ನ ಹೆಸ್ರು ಹೇಳಿದ್ರೆ, ಆ ಅಡ್ಡಹೆಸ್ರು ಇವತ್ತು ನಮ್ಮ ಬಾಗಿಲಿಗೆ ಅಂಟಿರ್ತಿತ್ತು. ನಿಮ್ಮಪ್ಪಗೆ ಯಾರೂ ಒಂದು ಮೊಳೆ ಬಡಿಯಾಕೂ ಕರೀತಿರಲಿಲ್ಲ.”

ಅವಳಿಗೆಂತ ಗೊತ್ತು... ಅವನು ನಗುತ್ತ ಹೇಳಿದ ಆ ಮಾತು ಈಗ ಬೇರೆಯದೇ ಆಗಿ ಕೇಳಿಸಿತು. ಜನರೆಲ್ಲ ಅವನ ಕಡೆ ನೋಡಲಿ, ಇವಳ ಕಡೆ ಯಾರೂ ನೋಡದಿರಲಿ ಎಂದು ಆಡಿದ ಮಾತು! ಗುತ್ಯಮ್ಮ ಮೂಲೆಗೆ ಮುಖ ಮಾಡಿ ಅತ್ತಳು. ಅತ್ತು ಮುಗಿದ ಮೇಲೆ ಮುಖ ತೊಳೆದು, ಕಸದ ಗುಂಡಿಯಿಂದ ಹಳೆಯ ಸೈಲೆನ್ಸರಿನ ಕರಿ ನಾರನ್ನು ಹುಡುಕಿ ತಂದಳು.

ಈ ಸಲ ಬೆರಳನ್ನು ನಂಬಲಿಲ್ಲ. ಕಲ್ಲಿನ ಮೇಲೆ ಹಾಕಿ ಗಸಗಸ ತಿಕ್ಕಿದಳು. ಕರಿ ಹೋಗಿ ಸಣ್ಣಗೆ ಹೊಳೆಯಿತು.

“ಉಣ್ಣೆ ಅಲ್ಲ! ಅಪ್ಪಾ, ಇದು ಕಬ್ಬಿಣದ್ದು! ಕೂದಲಿನಷ್ಟು ಸಣ್ಣ ಮಾಡಿದ ಕಬ್ಬಿಣ!”

ಅಷ್ಟು ಸಣ್ಣ ಕಬ್ಬಿಣ ಎಲ್ಲಿ ಸಿಗಬೇಕು? ಅವಳೇ ಅಕ್ಕಿ ಗಿರಣಿಯ ರಿಪೇರಿ ಶೆಡ್ಡಿಗೆ ಹೋಗಿ, ಕಬ್ಬಿಣ ಕಡೆಯುವ ಲೇತ್ ಮಿಷಿನ್ನಿನ ಕೆಳಗೆ ಬಿದ್ದಿದ್ದ ಕಬ್ಬಿಣದ ಸುರುಳಿಗಳನ್ನು ಕೇಳಿ, ಗೋಣಿಯಲ್ಲಿ ತುಂಬಿಸಿಕೊಂಡು ಬಂದಳು. ಒಂದು ಹಿಡಿಯನ್ನು ಕೆಂಡದ ಮೇಲೆ ಅರ್ಧ ದಿನ ಇಟ್ಟಳು. ಕೆಂಪಾಯಿತು, ತಣ್ಣಗಾಯಿತು, ಹೊಗೆಯಾಗಲಿಲ್ಲ.

ಕೆಲಸಕ್ಕೆ ಕೂರುವ ಮುಂಚೆ ಅಪ್ಪನ ಮುಂದೆ ಬಂದು ನಿಂತಳು.

“ಅಪ್ಪಾ, ಈ ಗೋಣಿ ಪರದೆ ಬಿಚ್ತೀನಿ.”

“ಹುಚ್ಚು ಹಿಡಿದತಾ? ಊರು ನೋಡ್ತತೆ. ನಾಳೆ ನಿನ್ನ ಕೈ ಹಿಡಿಯೋರು ಯಾರು?”

“ಈ ಕೈ ನೋಡಿದ ಮ್ಯಾಲೂ ಹಿಡಿಯೋನು ಇದ್ರೆ ಹಿಡೀಲಿ. ಇಲ್ದಿದ್ರೆ ಬ್ಯಾಡ.”

ಚೌಡಪ್ಪ ಮಂಜಾದ ಕಣ್ಣನ್ನು ಅಂಗೈಯಲ್ಲಿ ಒರೆಸಿಕೊಂಡ.

“ನಂಗಂತೂ ಕಾಣಾಂಗಿಲ್ಲ,” ಎಂದ. “ನೋಡೋರು ನೋಡ್ಲಿ. ಬಿಚ್ಚು ಮಗಾ.”

ಬೀದಿಯ ಜನ ನಿಂತು ನೋಡಿದರು, ಪಿಸುಗುಟ್ಟಿದರು. ಗುತ್ಯಮ್ಮ ತಲೆ ಎತ್ತಲಿಲ್ಲ. ಎತ್ತಲು ಸಮಯವೂ ಇರಲಿಲ್ಲ. ಶುಕ್ರವಾರಕ್ಕೆ ಉಳಿದದ್ದು ಎರಡೇ ದಿನ.

ಶುಕ್ರವಾರದ ಮೊದಲ ಬಸ್ಸಿಗೆ, ಹೊಸ ಸೈಲೆನ್ಸರನ್ನು ಕಂಬಳಿಯಲ್ಲಿ ಸುತ್ತಿಕೊಂಡು ಹತ್ತಿದಳು. “ಇದೇನಮ್ಮಾ, ವೀಣೇನಾ?” ಎಂದ ಕಂಡಕ್ಟರ್. ಅವಳಿಗೆ ನಗು ಬರಲಿಲ್ಲ. ಬಸ್ಸು ಊರೂರಿಗೂ ನಿಂತು ಜನರನ್ನು ಹತ್ತಿಸಿಕೊಳ್ಳುತ್ತಿದ್ದರೆ ಅವಳ ಜೀವ ಹೋಗುತ್ತಿತ್ತು. ‘ಹುಬ್ಬಳ್ಳಿ ಬಸ್ಸು ಹೊರಟಿದ್ರೆ? ಆಗ್ಲೇ ಹೋಗಿದ್ರೆ?’

ಸೊರಬದಲ್ಲಿ ಇಳಿದವಳು ನೇರ ಸಾಹುಕಾರರ ಅಂಗಳಕ್ಕೆ ನಡೆದಳು. ಶೇಷಪ್ಪನವರು ಜಗುಲಿಯಲ್ಲಿ ನಾಲ್ಕು ಜನರ ಜೊತೆ ಕೂತು ಕಾಫಿ ಕುಡಿಯುತ್ತಿದ್ದರು. ಕೆಂಪು ಕಾರು ಲಾಯದಲ್ಲಿ ಧೂಳು ಹಿಡಿದು ನಿಂತಿತ್ತು.

“ಯಾರಮ್ಮಾ ನೀನು?”

ಗುತ್ಯಮ್ಮ ಅಂಗಳಕ್ಕೆಲ್ಲ ಕೇಳುವಂತೆ ಹೇಳಿದಳು.

“ನಾನು ಶಿರಾಳಕೊಪ್ಪದ ಚೌಡಪ್ಪನ ಮಗಳು ಗುತ್ಯಮ್ಮ. ನಿಮ್ಮ ಗಾಡಿಗೆ ಉಣ್ಣೆ ತುಂಬಿದೋಳು ನಾನು.”

ಕಾಫಿ ಲೋಟ ಕೆಳಗೆ ಬಂತು.

“ಜಯಪ್ಪನೋರು ಸುಡಲ್ವಾ ಅಂತ ಕೇಳಿದ್ರು. ನಾನೇ ದೊಡ್ಡದಾಗಿ ಗೊತ್ತಿದ್ದೋಳ ಹಂಗೆ ಮಾತಾಡಿ ಬಾಯಿ ಮುಚ್ಸಿದೆ. ಸಂತೇಲಿ ಅವರು ನನ್ನ ತಪ್ಪು ತಮ್ಮ ಮ್ಯಾಲೆ ಹಾಕ್ಕೊಂಡ್ರು. ನಾನು ಹೆದ್ರಿ ಸುಮ್ನೆ ನಿಂತೆ. ನಾಲ್ಕು ವರ್ಷದಿಂದ ನಮ್ಮಪ್ಪನ ಹೆಸ್ರಲ್ಲಿ ಕಬ್ಬಿಣ ಬಡೀತಿರೋದೂ ನಾನೇ. ಇದು ಹೊಸ ಸೈಲೆನ್ಸರ್ರು. ಕೂರಿಸಿ ಹೋಗ್ತೀನಿ. ಕೆಟ್ರೆ ನನ್ನ ಹೆಸ್ರು ಹಿಡಿದು ಬೈರಿ. ಅವರ ಕೆಲಸ ಅವರಿಗೆ ಕೊಡ್ರಿ.”

ಜಗುಲಿಯಲ್ಲಿ ಯಾರೋ ಕಿಸಕ್ಕೆಂದರು. ಸಾಹುಕಾರರು ನಗಲಿಲ್ಲ. ಹೆಣ್ಣೊಬ್ಬಳು ಇಷ್ಟು ಮಂದಿಯ ಮುಂದೆ ತಪ್ಪು ಒಪ್ಪಿಕೊಳ್ಳುವುದನ್ನು ಅವರು ಕಂಡಿರಲಿಲ್ಲ. ಗಂಡಸರು ಒಪ್ಪಿಕೊಂಡಿದ್ದನ್ನೂ ಅಷ್ಟಾಗಿ ಕಂಡಿರಲಿಲ್ಲ.

“ಕೂರ್ಸು ನೋಡೋಣ,” ಎಂದರು. “ಮತ್ತೆ ಹೊಗೆ ಬಂತೋ, ಗಾಡಿಯಲ್ಲಿ ಕೂತಿರೋಳು ನೀನೇ ಆಗಿರ್ಬೇಕು!”

ಗುತ್ಯಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಗೋಣಿ ಹಾಸಿ ಕಾರಿನ ಕೆಳಗೆ ಹೋದಳು. ಹೆಂಗಸೊಬ್ಬಳು ಸಾಹುಕಾರರ ಕಾರಿನಡಿ ಮಲಗಿದ್ದಾಳೆ ಎನ್ನುವ ಸುದ್ದಿ ಬಸ್ ಸ್ಟ್ಯಾಂಡಿಗೆ ಮುಟ್ಟಲು ಎಷ್ಟು ಹೊತ್ತು ಬೇಕು? ಅಂಗಳದ ತುಂಬ ಜನ ನೆರೆದರು. ಅವಳಿಗೆ ಕಾಣುತ್ತಿದ್ದದ್ದು ಅವರ ಕಾಲುಗಳಷ್ಟೇ.

ಮುಂದಿನ ಜೋಡಣೆಯೇನೋ ಕೂತಿತು. ಹಿಂದಿನದು ಕಷ್ಟವಾಯಿತು. ಒಂದು ಕೈಯಲ್ಲಿ ಸೈಲೆನ್ಸರಿನ ಭಾರ ಎತ್ತಿ ಹಿಡಿದರೆ ಇನ್ನೊಂದು ಕೈಗೆ ಬೋಲ್ಟು ಎಟುಕುತ್ತಿರಲಿಲ್ಲ. ‘ಇನ್ನೊಂದು ಕೈ ಬೇಕಿತ್ತು ದೇವ್ರೇ...’

ಆಗ ಪಕ್ಕದಿಂದ ಒಂದು ಕೈ ಬಂದು ಭಾರ ಹಿಡಿಯಿತು.

“ಬಿಡಿ, ಹಿಡ್ಕೊಂಡಿದ್ದೇನೆ. ಬೋಲ್ಟು ಹಾಕಿ.”

ಗುತ್ಯಮ್ಮ ತಲೆ ತಿರುಗಿಸಲಿಲ್ಲ. ತಿರುಗಿಸಿದರೆ ಅಳು ಬರುತ್ತಿತ್ತು.

“ಬಸ್ಸು...?”

“ಹೋಯ್ತು.”

“ಟ್ರಂಕು?”

“ಅದೂ ಹೋಯ್ತು. ಬಸ್ಸಿನ ಮೇಲೇ ಇತ್ತು ಮಾರಾಯ್ತಿ.”

ಅಳುವ ಬದಲು ಅವಳಿಗೆ ನಗು ಬಂತು. ನಗುತ್ತ ನಗುತ್ತ ಕಣ್ಣೀರು ಕಿವಿಯ ಕಡೆಗೆ ಇಳಿಯಿತು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

“ಅವಳಿಗೆಂತ ಗೊತ್ತು ಅಂದ್ರಲ್ಲ...”

“ಆ ಮಾತು ಅಂದ ದಿವಸದಿಂದ ನಂಗೆ ಊಟ ಸೇರಿಲ್ಲ ಗುತ್ಯಮ್ಮ. ಬಂದು ಹೇಳಬೇಕು ಅಂತ ಎರಡು ಸಲ ಶಿರಾಳಕೊಪ್ಪದ ಬಸ್ ಹತ್ತಿ ಇಳಿದೆ. ಕೆಲಸ ಇಲ್ಲದೋನು ಯಾವ ಮುಖ ಇಟ್ಕೊಂಡು ಬರೋದು?”

“ನಾನು ಬಾಯಿ ಬಿಡಲಿಲ್ಲ ಅಂತ ಸಿಟ್ಟು ಬರಲಿಲ್ಲೇನ್ರೀ?”

“ನೀವು ಬಾಯಿ ಬಿಟ್ಟುಬಿಟ್ರೆ ಅಂತ ಹೆದರಿಕೆ ಆಗಿತ್ತು.”

ಬೋಲ್ಟು ಬಿಗಿಯಾಯಿತು. ಆದರೂ ಇಬ್ಬರೂ ಸ್ವಲ್ಪ ಹೊತ್ತು ಹೊರಗೆ ಬರಲಿಲ್ಲ. ಸಾಹುಕಾರರು ಬಗ್ಗಿ ಇಣುಕಿ, “ಆಯ್ತೇನೋ ಜಯಪ್ಪಾ?” ಎಂದು ಗದರಿದ ಮೇಲೆ ಬಂದರು.

ಎಂಜಿನ್ ಶುರುವಾಯಿತು. ಶೇಷಪ್ಪನವರು ರುಮಾಲು ಬಿಚ್ಚಿಟ್ಟು, ಮೊಣಕಾಲೂರಿ, ಹೊಗೆ ಕೊಳವೆಗೆ ಮೂಗಿಟ್ಟು ಮೂಸಿ ನೋಡಿದರು.

“ಪೆಟ್ರೋಲ್ ವಾಸನೆ ಅಷ್ಟೇ,” ಎಂದರು. “ಚಂದ್ರಗುತ್ತಿ ದಾರೀಲಿ ಐದು ಮೈಲಿ ಹೋಗಿ ಬನ್ನಿ. ಚೆನ್ನಾಗಿ ಬಿಸಿಯಾಗ್ಲಿ. ಆಮೇಲೆ ಮಾತಾಡೋಣ.”

ಜಯಪ್ಪ ಓಡಿಸಿದ. ಪಕ್ಕದಲ್ಲಿ ಗುತ್ಯಮ್ಮ. ಅವಳು ಮೂರು ಸಲ ಹಿಂದಕ್ಕೆ ತಿರುಗಿ ನೋಡಿದಳು. ರಸ್ತೆಯಲ್ಲಿ ಧೂಳಿತ್ತು, ಹೊಗೆ ಇರಲಿಲ್ಲ. ಕಾಲಡಿಯ ಮರದ ಹಲಗೆ ಮುಟ್ಟಿ ನೋಡಿದಳು. ಬೆಚ್ಚಗಿತ್ತು, ಸುಡುತ್ತಿರಲಿಲ್ಲ. ಎಷ್ಟೋ ದಿನಗಳ ಮೇಲೆ ಅವಳು ಸೀಟಿಗೆ ಬೆನ್ನು ಕೊಟ್ಟು ಕೂತಳು.

“ಸಂತೇಲಿ ನನ್ನ ಕಡೆ ನೋಡಿ ಯಾಕೆ ಮುಖ ತಿರುಗಿಸಿದ್ರಿ?”

“ಇನ್ನೂ ಸ್ವಲ್ಪ ನೋಡಿದ್ರೆ ಎಲ್ಲರಿಗೂ ಗೊತ್ತಾಗಿಬಿಡ್ತಿತ್ತು.”

“ಏನು? ಉಣ್ಣೆ ತುಂಬಿದ್ದು ನಾನು ಅಂತಾನಾ?”

“ಅಲ್ಲ.” ಜಯಪ್ಪ ರಸ್ತೆಯ ಮೇಲಿಂದ ಕಣ್ಣು ತೆಗೆಯಲಿಲ್ಲ. ಅವನ ಕಿವಿ ಕೆಂಪಾಗಿತ್ತು. “ನೀವು ಅಂದ್ರೆ ನಂಗೆ ಜೀವ ಅಂತ.”

ಗುತ್ಯಮ್ಮನಿಗೆ ತನ್ನ ಎದೆ ಹೊಡೆದುಕೊಳ್ಳುವುದು ಅವನಿಗೂ ಕೇಳಿಸುತ್ತಿದೆಯೇನೋ ಅನ್ನಿಸಿತು. ಹಾಳು ಕಾರು ಇವತ್ತೇ ಇಷ್ಟು ಮೆತ್ತಗಾಗಬೇಕಿತ್ತೇ!

“ಸಾಹುಕಾರ್ರು ಕೆಲಸ ವಾಪಸ್ ಕೊಡ್ತಾರೆ,” ಎಂದ ಅವನು, ಮಾತು ತುಂಬಲು. “ಆದ್ರೆ ನಂಗೆ ಬೇರೆ ಆಸೆ ಇದೆ. ನಿಮ್ಮ ವರ್ಕ್‌ಶಾಪಲ್ಲಿ ಒಂದು ಕೈ ಜಾಸ್ತಿ ಬೇಕಾ?”

“ಅಪ್ಪನ್ನ ಕೇಳ್ಬೇಕು.”

“ಕೆಲಸಕ್ಕಾ?”

“ಎಲ್ಲದಕ್ಕೂ.” ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. “ಅಪ್ಪ ಒಪ್ತಾನೆ. ಅವ್ವ ಆಗ್ಲೇ ಒಪ್ಪ್ಯಾಳೆ.”

“ನೀವು?”

“ನಾನು ಒಪ್ಪದಿದ್ರೆ ಮೊದಲ್ನೇ ಬಸ್ಸಿಗೆ ಬರ್ತಿದ್ನೇನ್ರೀ?”

ಐದನೆಯ ಮೈಲಿಗಲ್ಲು ಬಂತು. ಜಯಪ್ಪ ಕಾರನ್ನು ನಿಧಾನ ಮಾಡಿ ತಿರುಗಿಸಲು ನೋಡಿದ. ಗುತ್ಯಮ್ಮ ಸ್ಟೀರಿಂಗ್ ಮೇಲಿದ್ದ ಅವನ ಕೈಯನ್ನು ತಡೆದಳು. ತಡೆದ ಕೈಯನ್ನು ತೆಗೆಯಲಿಲ್ಲ.

“ಯಾಕೆ? ಐದು ಮೈಲಿ ಆಯ್ತಲ್ಲ.”

“ಇನ್ನೂ ಸರಿಯಾಗಿ ಬಿಸಿಯಾಗಿಲ್ಲ.”

“ಆಗಿದೆ ಗುತ್ಯಮ್ಮ, ಇಷ್ಟು ಸಾಕು.”

“ಮಾಡಿದೋಳು ನಾನು,” ಎಂದಳು ಅವಳು. “ಇನ್ನೊಂದು ಮೈಲಿ ಅಂದ್ರೆ ಇನ್ನೊಂದು ಮೈಲಿ.”